ಕೇಳಿಸುವುದೂ ಕೇಳುವುದೂ

ಕನ್ನಡದಲ್ಲಿ ಕಿವಿಯ ಕೆಲಸವನ್ನು ಹೇಳುವುದಕ್ಕೆ ಎರಡು ಬಗೆಯ ಮಾತುಗಳಿವೆ. "ನನಗೆ ಗಂಟೆಯ ಸದ್ದು ಕೇಳಿಸಿತು" ಎನ್ನುತ್ತೇವೆ, "ನಾನು ಹರಿಕಥೆ ಕೇಳಿದೆ" ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ನಾವು ಏನೂ ಮಾಡಿದಂತಿಲ್ಲ. ಸದ್ದು ತಾನಾಗಿ ನಮ್ಮ ಬಳಿ ಬಂದಿದೆ. ಎರಡನೆಯದರಲ್ಲಿ ಮಾಡಿದವರು ನಾವು. ಇದೇ 'ಕೇಳು' ಎಂಬ ಮಾತು ಪ್ರಶ್ನೆ ಹಾಕುವುದಕ್ಕೂ ಸಲ್ಲುತ್ತದೆ. "ದೊಡ್ಡವರ ಮಾತು ಕೇಳು" ಎಂದಾಗ ಹೇಳಿದಂತೆ ನಡೆ ಎಂಬ ಅರ್ಥವೂ ಅದಕ್ಕೆ ಬರುತ್ತದೆ. ಇಷ್ಟು ಹೊರೆಯನ್ನು ಒಂದೇ ಕ್ರಿಯಾಪದದ ಮೇಲೆ ಹೊರಿಸಿರುವುದರಿಂದಲೋ ಏನೋ, ನಮ್ಮ ಮನೆಗಳ ಸಣ್ಣಪುಟ್ಟ ಜಗಳಗಳಲ್ಲಿ ಅರ್ಧಕ್ಕರ್ಧ ಇದರ ಸುತ್ತಲೇ ಹುಟ್ಟುತ್ತವೆ.

ಆ ಜಗಳಗಳಿಗೆ ನಮ್ಮ ಹಿರಿಯರು ಒಂದು ಸೊಗಸಾದ ಪದವನ್ನೂ ಕೊಟ್ಟಿದ್ದಾರೆ: ಜಾಣಕಿವುಡು. ಕೇಳಿಸಿದರೂ ಕೇಳಿಸದಂತೆ ಇರುವುದು. ಮೂರು ಸಲ ಊಟಕ್ಕೆ ಕರೆದರೂ ಮಗ ಬರದಿದ್ದರೆ ಜಾಣಕಿವುಡು. ಊರಿನಿಂದ ಆರು ತಿಂಗಳಿಗೆಂದು ಬಂದ ಅತ್ತೆಯವರು ಒಂದು ಕೇಳಿದರೆ ಇನ್ನೊಂದು ಹೇಳಿದರೆ ಅದೂ ಜಾಣಕಿವುಡು. ಈ ಪದ ನೋಡುವುದಕ್ಕೆ ತಮಾಷೆಯದಾಗಿದ್ದರೂ ನಿಜವಾಗಿ ಅದೊಂದು ಆರೋಪ. "ನಿನಗೆ ಕೇಳಿಸಿದೆ, ನೀನು ಬೇಕೆಂದೇ ಕೇಳಲಿಲ್ಲ" ಎಂದು ಹೇಳಿದಂತೆ. ತಪ್ಪು ಹೊರಿಸುವ ಮೊದಲು ಸದ್ದು ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂದು ವಿಚಾರಿಸಬೇಕಲ್ಲವೇ? ಕಳವಾದ ಕಾಗದಕ್ಕೆ ಅಂಚೆಯವನನ್ನು ಬಯ್ಯುವುದೋ, ಓದದೆ ಮೇಜಿನ ಮೇಲಿಟ್ಟವನನ್ನು ಬಯ್ಯುವುದೋ ಎಂಬುದು ಕಾಗದ ಎಲ್ಲಿ ಸಿಕ್ಕಿತು ಎಂಬುದರ ಮೇಲೆ ನಿಂತಿದೆ.

ಸದ್ದಿನ ಪ್ರಯಾಣದ ಬಗ್ಗೆ ನಮ್ಮ ದರ್ಶನಕಾರರು ಬಹಳ ತಲೆ ಕೆಡಿಸಿಕೊಂಡವರು. ಶಬ್ದವು ಆಕಾಶದ ಗುಣ, ಕಿವಿಯ ರಂಧ್ರದೊಳಗೆ ಸೀಮಿತವಾದ ಆಕಾಶವೇ ಶ್ರೋತ್ರೇಂದ್ರಿಯ ಎಂದು ನ್ಯಾಯ ವೈಶೇಷಿಕರು ಹೇಳಿದರು. ದೂರದ ಭೇರಿಯ ಸದ್ದು ಇಲ್ಲಿಗೆ ಹೇಗೆ ಬರುತ್ತದೆ? ಕೆರೆಯಲ್ಲಿ ಕಲ್ಲು ಹಾಕಿದಾಗ ಒಂದು ಅಲೆ ಇನ್ನೊಂದನ್ನು ಹುಟ್ಟಿಸುವಂತೆ ಒಂದು ಶಬ್ದ ಮತ್ತೊಂದು ಶಬ್ದವನ್ನು ಹುಟ್ಟಿಸುತ್ತ ಬರುತ್ತದೆ ಎಂದು ಒಂದು ಪಕ್ಷ. ಕದಂಬದ ಹೂವು ಏಕಕಾಲಕ್ಕೆ ಎಲ್ಲ ದಿಕ್ಕಿಗೂ ಕೇಸರ ಚಾಚಿ ಅರಳುವಂತೆ ಹರಡುತ್ತದೆ ಎಂದು ಇನ್ನೊಂದು ಪಕ್ಷ. ವೀಚೀತರಂಗ ನ್ಯಾಯ, ಕದಂಬಮುಕುಲ ನ್ಯಾಯ ಎಂದು ಇವಕ್ಕೆ ಹೆಸರು. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಸದ್ದನ್ನು ಅಲೆಯ ಹೋಲಿಕೆಯಿಂದ ಕಂಡರಲ್ಲ ಎಂದು ಈಗಲೂ ಆಶ್ಚರ್ಯವಾಗುತ್ತದೆ. ಆದರೆ ಅವರ ವಿವರಣೆ ಕಿವಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಳಗೆ ಆಕಾಶವಿದೆ ಎಂದರಲ್ಲ, ಅಲ್ಲಿ ನಿಜವಾಗಿ ಇರುವುದು ನೀರು!

ಕಲ್ಯಾಣಿಯಲ್ಲಿ ಮುಳುಗು ಹಾಕಿದವರಿಗೆ ಈ ನೀರಿನ ತೊಡಕು ಗೊತ್ತು. ತಲೆ ನೀರೊಳಗೆ ಹೋದ ಕ್ಷಣ ಮೆಟ್ಟಿಲ ಮೇಲಿನವರ ಮಾತೆಲ್ಲ ಮಾಯ. ಗಾಳಿಯಲ್ಲಿ ಬಂದ ಸದ್ದು ನೀರಿನ ಮೇಲ್ಮೈಗೆ ಬಡಿದರೆ ಸಾವಿರದಲ್ಲಿ ಒಂದು ಪಾಲಿನಷ್ಟು ಶಕ್ತಿ ಮಾತ್ರ ಒಳಗಿಳಿಯುತ್ತದೆ, ಉಳಿದದ್ದು ಮೇಲಕ್ಕೇ ಚಿಮ್ಮಿ ಹೋಗುತ್ತದೆ. ಕಿವಿಯ ತಮಟೆ ಮತ್ತು ಅದರ ಹಿಂದಿನ ಮೂರು ಪುಟ್ಟ ಮೂಳೆಗಳು, ಸುತ್ತಿಗೆ, ಅಡಿಗಲ್ಲು, ರಿಕಾಪು, ಇರುವುದೇ ಈ ನಷ್ಟವನ್ನು ತುಂಬಿಕೊಡುವುದಕ್ಕೆ. ತಮಟೆಯ ಅಗಲದ ಮೇಲೆ ಬಿದ್ದ ಒತ್ತಡವನ್ನೆಲ್ಲ ಒಟ್ಟುಮಾಡಿ, ಅದರ ಹದಿನೇಳನೆಯ ಒಂದು ಪಾಲಿನಷ್ಟಿರುವ ಸಣ್ಣ ಕಿಟಕಿಯ ಮೇಲೆ ರಿಕಾಪು ಗುದ್ದುತ್ತದೆ. ಈ ರಿಕಾಪು ಮೂಳೆ ನಮ್ಮ ದೇಹದಲ್ಲೇ ಅತಿ ಚಿಕ್ಕದು, ಒಂದು ಅಕ್ಕಿ ಕಾಳಿಗಿಂತ ಸಣ್ಣದು. ಸೋನಾ ಮಸೂರಿಯೇ ಇರಲಿ.

ಕಿಟಕಿಯ ಆಚೆಗಿರುವುದು ಕಾಕ್ಲಿಯಾ. ಬಟಾಣಿ ಕಾಳಿನ ಗಾತ್ರದ, ಎರಡೂವರೆ ಸುತ್ತು ಸುತ್ತಿಕೊಂಡ ಪುಟ್ಟ ಶಂಖ. ಬಿಡಿಸಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗೆ ಉದ್ದಕ್ಕೂ ಒಂದು ಪೊರೆ ಹಾಸಿದೆ. ಬಾಗಿಲ ಬಳಿ ಅದು ಕಿರಿದು, ಬಿಗಿ. ಒಳಗೆ ಹೋದಂತೆ ಅಗಲ, ಸಡಿಲ. ಆದ್ದರಿಂದ ಕೀರಲು ಸದ್ದು ಬಾಗಿಲಲ್ಲೇ ಪೊರೆಯನ್ನು ಕುಣಿಸುತ್ತದೆ, ಮಂದ್ರದ ಸದ್ದು ತುದಿಯವರೆಗೂ ನಡೆದು ಹೋಗಿ ಅಲ್ಲಿ ಕುಣಿಸುತ್ತದೆ. ವೀಣೆಯ ಮೆಟ್ಟಿಲುಗಳನ್ನು ನೆನೆಸಿಕೊಂಡರೆ ಸಾಕು: ಯಾವ ಸ್ವರ ಎಂಬುದು ಯಾವ ಜಾಗ ಎಂಬುದಾಗಿ ಬದಲಾಯಿತು.

ಇದನ್ನು ಕಣ್ಣಾರೆ ಕಂಡವನು ಬುಡಾಪೆಸ್ಟಿನಲ್ಲಿ ಹುಟ್ಟಿದ ಗೆಯಾರ್ಗ್ ಫಾನ್ ಬೆಕೆಷಿ. ಹಂಗೇರಿಯ ಅಂಚೆ ಇಲಾಖೆಯ ದೂರವಾಣಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾತ. ಟೆಲಿಫೋನು ಸುಧಾರಿಸಬೇಕಾದರೆ ಅದರ ಮಾತನ್ನು ಕೇಳುವ ಕಿವಿ ಹೇಗಿದೆಯೆಂದು ತಿಳಿಯಬೇಕು ಎಂದು ಹೊರಟು, ಮೃತರ ಕಿವಿಗಳನ್ನು ಬಿಡಿಸಿ, ಬಹಳ ದೊಡ್ಡ ಸದ್ದು ಹಾಯಿಸಿ, ಸೂಕ್ಷ್ಮದರ್ಶಕದಲ್ಲಿ ಆ ಪೊರೆಯ ಮೇಲೆ ಅಲೆ ಸಾಗುವುದನ್ನು ನೋಡಿದ. ಅದಕ್ಕಾಗಿ 1961ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವನು ನೋಡಿದ್ದು ಸತ್ತ ಕಿವಿಯನ್ನು. ಸತ್ತ ಕಿವಿಯಲ್ಲೂ ಅಲೆ ಏಳುತ್ತದೆ, ಸಾಗುತ್ತದೆ. ಆದರೆ ಆ ಅಲೆ ಮೊಂಡು, ಅಗಲ. ಅಷ್ಟು ಮೊಂಡಾದ ಅಲೆಯಿಂದ ಷಡ್ಜಕ್ಕೂ ರಿಷಭಕ್ಕೂ ನಡುವಿನ ಶ್ರುತಿಗಳನ್ನು ಬೇರ್ಪಡಿಸುವ ನಮ್ಮ ಸಾಮರ್ಥ್ಯವನ್ನು ವಿವರಿಸುವುದಕ್ಕೆ ಆಗುವುದಿಲ್ಲ. ಬದುಕಿರುವ ಕಿವಿ ಇನ್ನೇನನ್ನೋ ಮಾಡುತ್ತಿರಬೇಕು.

ಥಾಮಸ್ ಗೋಲ್ಡ್ ಎಂಬ ತರುಣ 1948ರಲ್ಲೇ ಇದನ್ನು ಊಹಿಸಿದ್ದ. ಕಿವಿ ಬರಿಯ ಪಾತ್ರೆಯಲ್ಲ, ಅದು ತಾನೂ ಶಕ್ತಿ ಹಾಕಿ ಸದ್ದನ್ನು ಎತ್ತಿ ಹಿಡಿಯುತ್ತಿರಬೇಕು. ಹಾಗಿದ್ದರೆ ಕೆಲವೊಮ್ಮೆ ಕಿವಿಯಿಂದಲೇ ಸದ್ದು ಹೊರಬರಬೇಕು ಎಂದ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. (ಆತ ಮುಂದೆ ಖಗೋಳ ವಿಜ್ಞಾನಿಯಾಗಿ ಹೆಸರು ಮಾಡಿದ.) ಮೂವತ್ತು ವರ್ಷಗಳ ನಂತರ, 1978ರಲ್ಲಿ, ಲಂಡನ್ನಿನ ಡೇವಿಡ್ ಕೆಂಪ್ ಎಂಬುವರು ಕಿವಿಯೊಳಗೆ ಪುಟ್ಟ ಮೈಕ್ರೊಫೋನ್ ಇಟ್ಟು ಕೇಳಿದಾಗ ಕಿವಿ ನಿಜವಾಗಿಯೂ ಸದ್ದು ಮಾಡುತ್ತಿತ್ತು. ಇಂದು ಅಮೆರಿಕದಲ್ಲಿ ಹುಟ್ಟಿದ ಮಗುವನ್ನು ಮನೆಗೆ ಕಳಿಸುವ ಮೊದಲು ಆಸ್ಪತ್ರೆಯಲ್ಲಿ ಕಿವಿಗೆ ಸಣ್ಣ ಬೆಣೆ ಇಟ್ಟು ಪರೀಕ್ಷೆ ಮಾಡುತ್ತಾರಲ್ಲ, ಅನೇಕ ಕಡೆ ಅದು ಇದೇ ಪರೀಕ್ಷೆ. ಮಲಗಿರುವ ಕೂಸಿನ ಕಿವಿ ಮರುದನಿ ಕೊಟ್ಟರೆ ಒಳಗಿನ ಕೆಲಸಗಾರರು ಎದ್ದಿದ್ದಾರೆ ಎಂದರ್ಥ.

ಆ ಕೆಲಸಗಾರರು ಯಾರು? ಪೊರೆಯ ಮೇಲೆ ಸಾಲಾಗಿ ನಿಂತಿರುವ ರೋಮಕೋಶಗಳು. ಪ್ರತಿ ಕಿವಿಯಲ್ಲೂ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ನಮ್ಮ ಊರುಗಳ ರಥೋತ್ಸವಕ್ಕೆ ಸೇರುವ ಜನರಿಗಿಂತ ಕಡಿಮೆ! ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಕೋಟಿಗಟ್ಟಲೆ ಇವೆ. ಒಂದು ಜನ್ಮದ ಸುಪ್ರಭಾತ, ಜೋಗುಳ, ಬೈಗುಳ, ಭೀಮಸೇನ ಜೋಶಿಯವರ ಗಾಯನ ಎಲ್ಲವೂ ಆ 3,500 ಕೋಶಗಳ ಮೂಲಕವೇ ಒಳಗೆ ಬರಬೇಕು. ಪ್ರತಿ ಕೋಶದ ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಸೂಕ್ಷ್ಮ ರೋಮಗಳು, ಒಂದರ ತುದಿಯನ್ನು ಪಕ್ಕದ ಎತ್ತರದ ರೋಮಕ್ಕೆ ಕಟ್ಟಿದ ಎಳೆ. ಪೊರೆ ಅಲುಗಿದರೆ ರೋಮಗಳು ವಾಲುತ್ತವೆ, ಎಳೆ ಜಗ್ಗುತ್ತದೆ, ಕೋಶದ ಬಾಗಿಲು ತೆರೆಯುತ್ತದೆ, ಹೊರಗೆ ತುಂಬಿ ನಿಂತ ಪೊಟ್ಯಾಸಿಯಂ ಒಳನುಗ್ಗುತ್ತದೆ. ಅಲ್ಲಿಗೆ ಅಲುಗಾಟ ವಿದ್ಯುತ್ತಾಯಿತು. ಅತಿ ಮೆಲ್ಲನೆಯ ಸದ್ದಿಗೆ ಈ ವಾಲುವಿಕೆ ಒಂದು ಪರಮಾಣುವಿನ ಅಳತೆಯ ಆಸುಪಾಸಿನದು. ಒಳಸಾಲಿನ ಕೋಶಗಳು ಈ ಸುದ್ದಿಯನ್ನು ನರಕ್ಕೆ ದಾಟಿಸುತ್ತವೆ. ಹೊರಸಾಲಿನವುಗಳ ಕೆಲಸ ಬೇರೆ. ಅವು ಸದ್ದಿನ ತಾಳಕ್ಕೆ ಸರಿಯಾಗಿ ತಾವೇ ಕುಗ್ಗಿ ಹಿಗ್ಗಿ ಪೊರೆಯನ್ನು ಇನ್ನಷ್ಟು ತೂಗುತ್ತವೆ. ಮೆಲ್ಲನೆಯ ಸದ್ದು ಹೀಗೆ ನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಬೆಕೆಷಿ ನೋಡಿದ ಸತ್ತ ಕಿವಿಯಲ್ಲಿ ಇಲ್ಲದ್ದು ಇದೇ.

ಅಂದರೆ ನಮ್ಮ ವ್ಯಾಕರಣ ಹೇಳುವಷ್ಟು ಸರಳವಾಗಿಲ್ಲ ಸಂಗತಿ. "ನನಗೆ ಕೇಳಿಸಿತು" ಎಂದು ನಾವು ಸುಮ್ಮನೆ ಕುಳಿತವರಂತೆ ಹೇಳುವ ಹೊತ್ತಿಗೆ ಒಳಗೆ ಹನ್ನೆರಡು ಸಾವಿರ ಕೋಶಗಳು ಮೈ ಕುಣಿಸಿ ದುಡಿದಿರುತ್ತವೆ. ಕೇಳಿಸುವುದರಲ್ಲೇ ಒಂದು ಕೇಳುವುದು ಅಡಗಿದೆ. ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಕಿವಿಯಿಂದ ಮಿದುಳಿಗೆ ಸುಮಾರು 30,000 ನರತಂತುಗಳು ಹೋಗುವುದು ಎಲ್ಲರಿಗೂ ಅಪೇಕ್ಷಿತವೇ. ಮಿದುಳಿನಿಂದ ಕಿವಿಗೆ ಮರಳಿ ಬರುವ ನರಗಳೂ ಇವೆ ಎಂದು 1946ರಲ್ಲಿ ರಾಸ್ಮುಸ್ಸೆನ್ ತೋರಿಸಿದರು. ಅವುಗಳಲ್ಲಿ ಕೆಲವು ಬಂದು ಮುಟ್ಟುವುದು ಆ ಹೊರಸಾಲಿನ ಕೋಶಗಳನ್ನೇ. ಮಾಲೀಕನು ಮಹಡಿಯಿಂದ "ಇಲ್ಲಿ ಸ್ವಲ್ಪ ಕಡಿಮೆ ಮಾಡು" ಎಂದು ಕೈಸನ್ನೆ ಮಾಡಿದಂತೆ.

ಕಿವಿಯನ್ನು ಅದರ ಕೆಲಸಕ್ಕೆ ಹಚ್ಚುವವನು ಯಾರು ಎಂಬ ಪ್ರಶ್ನೆಯಿಂದಲೇ ಕೇನೋಪನಿಷತ್ತು ಆರಂಭವಾಗುವುದು ನಮ್ಮ ಓದುಗರಿಗೆ ಗೊತ್ತಿರುವ ವಿಷಯ. ಮನಸ್ಸು ಬೇರೆಲ್ಲೋ ಇದ್ದರೆ ಕಿವಿಗೆ ಬಿದ್ದದ್ದೂ ಕೇಳಿಸುವುದಿಲ್ಲ ಎಂಬ ನಿತ್ಯದ ಅನುಭವವನ್ನು ಬೃಹದಾರಣ್ಯಕವೂ ಗುರುತಿಸಿದೆ. ಆ ಮರಳಿ ಬರುವ ನರಗಳೇ ಉಪನಿಷತ್ತಿನ ಉತ್ತರ ಎಂದು ಹೇಳಹೊರಡುವುದು ಬೇಡ. ನಮ್ಮ ಪತ್ರಿಕೆಗಳಲ್ಲಿ ಅಂಥ ಬರಹಗಳು ಸಾಕಷ್ಟು ಬಂದಿವೆ. ಎಲ್ಲ ಹೊಸ ಶೋಧವನ್ನೂ ಹಳೆಯ ಗ್ರಂಥದಲ್ಲಿ ಕಂಡುಹಿಡಿಯುವ ಚಟದಿಂದ ಗ್ರಂಥಕ್ಕೂ ಮರ್ಯಾದೆಯಿಲ್ಲ, ಶೋಧಕ್ಕೂ ಮರ್ಯಾದೆಯಿಲ್ಲ. ಉಪನಿಷತ್ತು ಕೇಳುವುದು ನರಗಳಿಗೂ ಹಿಂದೆ ನಿಂತವನ ವಿಷಯ. ಆದರೆ ಪ್ರಶ್ನೆಯ ದಿಕ್ಕು ಮಾತ್ರ ಒಂದೇ ಎನ್ನಬಹುದು: ಕೇಳುವವನನ್ನು ಹುಡುಕಿಕೊಂಡು ಕಿವಿಯಿಂದ ಒಳಕ್ಕೆ ಹೋಗುವುದು.

ಒಳಗೆ ಹೋದಷ್ಟೂ ನಮ್ಮ ಪಾಲು ಹೆಚ್ಚಾಗುತ್ತದೆ. ಎರಡು ಕಿವಿಗೂ ಬೇರೆ ಬೇರೆ ಮಾತು ಹಾಕಿ ಒಂದಕ್ಕೆ ಮಾತ್ರ ಗಮನ ಕೊಡು ಎಂದರೆ ಜನ ಇನ್ನೊಂದು ಕಿವಿಯ ಮಾತನ್ನು ಬಹುತೇಕ ಬಿಟ್ಟೇಬಿಡುತ್ತಾರೆ ಎಂದು 1953ರಲ್ಲಿ ಕಾಲಿನ್ ಚೆರ್ರಿ ತೋರಿಸಿದರು. ಆ ಬಿಟ್ಟ ಕಿವಿಯಲ್ಲಿ ಅವರದೇ ಹೆಸರು ಕೂಗಿದರೆ? 1959ರಲ್ಲಿ ನೆವಿಲ್ ಮೊರೇ ಅದನ್ನೂ ಪರೀಕ್ಷಿಸಿದರು. ಸುಮಾರು ಮೂವರಲ್ಲಿ ಒಬ್ಬರು ಮಾತ್ರ ಗುರುತಿಸಿದರು. ನಾಮಕರಣದ ದಿನ ಕಿವಿಯಲ್ಲಿ ಉಸುರಿದ ಹೆಸರೇ ಮೂವರಲ್ಲಿ ಇಬ್ಬರಿಗೆ ತಾಕದೆ ಹೋಗುವುದಾದರೆ, ಆಟದಲ್ಲಿ ಮುಳುಗಿದ ಹನ್ನೆರಡು ವರ್ಷದ ಹುಡುಗ ಮೂರು ಸಲ ಕರೆದರೂ ಬರಲಿಲ್ಲ ಎಂಬುದಕ್ಕೆ ಅವನನ್ನು ಪೂರ್ತಿ ಕಳ್ಳನೆನ್ನಲಾಗದು. ಪೂರ್ತಿ ನಿರ್ದೋಷಿ ಎಂದೂ ಅಲ್ಲ. ಗಮನವನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದವನು ಅವನೇ. ಹೆಗಲ ಮೇಲೆ ಕೈಯಿಟ್ಟು ಕರೆದು ನೋಡಬೇಕು. ಆಗಲೂ ಏಳದಿದ್ದರೆ ಆ ಪದವನ್ನು ಧಾರಾಳವಾಗಿ ಬಳಸಬಹುದು.

ಅಜ್ಜಿಯ ವಿಷಯ ಬೇರೆ. ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟಿದೆ, ಚಿಮಣಿಯ ಫ್ಯಾನು ತಿರುಗುತ್ತಿದೆ. ಸೊಸೆ ಅತ್ತ ತಿರುಗಿಕೊಂಡೇ "ಸೊಪ್ಪು ಹಾಕಿದ್ರಾ ಅತ್ತೆ?" ಎಂದರೆ "ಉಪ್ಪು ಆಗ್ಲೇ ಹಾಕಿದೀನಮ್ಮ" ಎಂಬ ಉತ್ತರ ಬರುತ್ತದೆ. ವಯಸ್ಸಾದಂತೆ ಮೊದಲು ಸವೆಯುವುದು ಶಂಖದ ಬಾಗಿಲಿನ ಭಾಗ, ಅಂದರೆ ಕೀರಲು ಸದ್ದುಗಳ ಜಾಗ. ಮಾತಿನಲ್ಲಿ ಸ್ವರಗಳು ತಗ್ಗಿನ ಶ್ರುತಿಯವು, ಗಟ್ಟಿ. ಸಕಾರ, ಶಕಾರ, ತಕಾರದಂಥ ವ್ಯಂಜನಗಳು ಎತ್ತರದ ಶ್ರುತಿಯವು, ಮೆಲು. ಆದ್ದರಿಂದ ಯಾರೋ ಮಾತಾಡಿದರು ಎಂಬುದು ಅವರಿಗೆ ಚೆನ್ನಾಗಿ ಕೇಳಿಸುತ್ತದೆ, ಏನು ಮಾತಾಡಿದರು ಎಂಬುದು ಕೇಳಿಸುವುದಿಲ್ಲ. ಕಾಗದ ಬಂದಿದೆ, ಒತ್ತಕ್ಷರವೆಲ್ಲ ಅಳಿಸಿಹೋಗಿದೆ. ಉಳಿದದ್ದನ್ನು ಊಹೆಯಿಂದ ತುಂಬಿಕೊಂಡು ಉತ್ತರ ಕೊಡುತ್ತಾರೆ. ಊಹೆ ಸರಿಯಾದ ದಿನ "ಬೇಕಾದಾಗ ಎಲ್ಲಾ ಕೇಳಿಸುತ್ತೆ" ಎನ್ನುತ್ತಾರೆ ಮನೆಯವರು, ತಪ್ಪಾದ ದಿನ ನಗುತ್ತಾರೆ.

ಆಗ ನಾವು ಮಾಡುವುದೇನು? ಕಿರುಚುತ್ತೇವೆ. ಕಿರುಚಿದರೆ ದೊಡ್ಡದಾಗುವುದು ಮುಖ್ಯವಾಗಿ ಸ್ವರಗಳು, ಅವರಿಗೆ ಮೊದಲೇ ಕೇಳಿಸುತ್ತಿದ್ದವು. ಅದರ ಮೇಲೆ, ಮೆಲ್ಲನೆಯ ಸದ್ದನ್ನು ಹಿಗ್ಗಿಸುವ ಹೊರಸಾಲಿನ ಕೋಶಗಳು ಹೋದ ಕಿವಿಗೆ ಮೆಲ್ಲನೆಯದು ಕೇಳಿಸದೆ ಹೋದರೂ ದೊಡ್ಡ ಸದ್ದು ಇತರರಿಗೆ ಕೇಳುವಷ್ಟೇ ದೊಡ್ಡದಾಗಿ ಕೇಳಿಸುತ್ತದೆ. 'ಕೇಳಿಸದು' ಎಂಬುದಕ್ಕೂ 'ಸಹಿಸಲಾಗದು' ಎಂಬುದಕ್ಕೂ ನಡುವಿನ ಅಂತರ ಕಿರಿದಾಗಿಬಿಡುತ್ತದೆ. "ಯಾಕೆ ಹಾಗೆ ಕಿರುಚ್ತೀಯ, ನಾನೇನು ಕಿವುಡಿಯಾ?" ಎಂಬ ಮಾತು ಹಟದ್ದಲ್ಲ, ಅದು ಅವರ ಕಿವಿಯ ನಿಖರವಾದ ವರದಿ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಲ್ಲಿ ನಿಲ್ಲಿಸಿ, ನಿಧಾನವಾಗಿ ಹೇಳುವುದು ಕಿರುಚುವುದಕ್ಕಿಂತ ಎಷ್ಟೋ ಮೇಲು. ಅಮೆರಿಕದಲ್ಲಿ ವಯಸ್ಕರ ಸಾಧಾರಣ ಮಟ್ಟದ ಶ್ರವಣದೋಷಕ್ಕೆ 2022ರ ಅಕ್ಟೋಬರಿನಿಂದ ವೈದ್ಯರ ಚೀಟಿಯಿಲ್ಲದೆಯೇ ಶ್ರವಣ ಸಾಧನ ಸಿಗುತ್ತಿದೆ. ರಜೆಗೆ ಊರಿಗೆ ಹೋದಾಗ ತೋರಿಸುವುದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ಹಲ್ಲು ಕಟ್ಟಿಸಿಕೊಳ್ಳುವುದಕ್ಕೆ, ಕನ್ನಡಕಕ್ಕೆ ಇಲ್ಲದ ಸಂಕೋಚ ಕಿವಿಗೆ ಮಾತ್ರ ಯಾಕೋ!

ಈಗ ಮೊಮ್ಮಗನ ಕಡೆಗೆ ಬರೋಣ. ಅವನು "ತಾತನ ಹಲ್ಲಿಗೆ ಹೋಗಿದ್ವಿ" ಎಂದರೆ ಅಜ್ಜಿಗೆ ನಗು. ಹಳ್ಳಿ ಎಂದು ಹತ್ತು ಸಲ ಹೇಳಿಕೊಟ್ಟರೂ ಹಲ್ಲಿಯೇ. 'ತಟ್ಟೆ' ಎಂಬ ಒಂದು ಪದದಲ್ಲಿ ತಕಾರ ಟಕಾರ ಎರಡೂ ಬಂದು ಅವನ ಗೋಳು ಹೇಳತೀರದು. ಗಮನ ಕೊಡುವುದಿಲ್ಲ ಎಂದು ಅಜ್ಜಿಯ ದೂರು. ಆದರೆ 1984ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ನೋಡಿ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಸಲೀಸಾಗಿ ಬೇರೆ ಮಾಡಿದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಇಳಿದುಹೋಗಿತ್ತು. ಕೂಸಿನ ಕಿವಿ ಕೆಟ್ಟಿಲ್ಲ. ಸುತ್ತಲಿನವರು ಬಳಸದ ಭೇದವನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಮಿದುಳು ಮನೆ ಗುಡಿಸಿಬಿಟ್ಟಿದೆ, ಅಷ್ಟೆ. ಮೊದಲ ಹುಟ್ಟುಹಬ್ಬದ ಕೇಕು ಕತ್ತರಿಸುವ ಮೊದಲೇ ಈ ಗುಡಿಸುವಿಕೆ ನಡೆದಿರುತ್ತದೆ ಎಂಬುದು ನಮ್ಮಂಥ ಮನೆಗಳು ಯೋಚಿಸಬೇಕಾದ ಮಾತು.

ಅಜ್ಜಿಗೆ ಳಕಾರ ಲಕಾರಗಳ ಭೇದ ಮನಸ್ಸಿನಲ್ಲಿ ಗಟ್ಟಿಯಾಗಿದೆ, ಕಿವಿ ಕೈಕೊಟ್ಟಿದೆ. ಮೊಮ್ಮಗನ ಕಿವಿ ಹೊಸದು, ಭೇದ ಮನಸ್ಸಿನಲ್ಲಿ ಇಲ್ಲ. ಒಬ್ಬರ ಕಾಗದ ದಾರಿಯಲ್ಲಿ ಹರಿದಿದೆ, ಇನ್ನೊಬ್ಬರ ಕಾಗದ ಸರಿಯಾಗಿ ತಲುಪಿದರೂ ಲಿಪಿ ಗೊತ್ತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಜಾಣಕಿವುಡರು ಎಂದುಕೊಂಡು ಒಂದೇ ಸೋಫಾದ ಎರಡು ತುದಿಯಲ್ಲಿ ಕುಳಿತಿದ್ದಾರೆ.

ಮಗುವಿನ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ. 2003ರಲ್ಲಿ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಂದಿಗೆ ಹನ್ನೆರಡು ಸಲ ಚೀನೀ ಭಾಷೆಯಲ್ಲಿ ಆಟವಾಡಿಸಿದಾಗ ಅವು ಆ ಭಾಷೆಯ ಧ್ವನಿಭೇದವನ್ನು ಉಳಿಸಿಕೊಂಡವು. ಅದೇ ಮಾತನ್ನು ಅದೇ ಜನರಿಂದ ಡಿವಿಡಿಯಲ್ಲಿ ತೋರಿಸಿದಾಗ ಏನೂ ಪ್ರಯೋಜನವಾಗಲಿಲ್ಲ. ಕನ್ನಡ ಶಿಶುಗೀತೆಗಳ ವಿಡಿಯೋ ಹಾಕಿ ಕೂಸನ್ನು ಅದರ ಮುಂದೆ ಕೂರಿಸಿ ಕರ್ತವ್ಯ ಮುಗಿಯಿತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಕೊರಿಯಾದಲ್ಲಿ ಹುಟ್ಟಿ, ಕೆಲವರು ಆರು ತಿಂಗಳೂ ತುಂಬುವ ಮೊದಲೇ, ಹಾಲೆಂಡಿಗೆ ದತ್ತು ಹೋದವರು ದೊಡ್ಡವರಾದ ಮೇಲೆ ಕೊರಿಯನ್ ಭಾಷೆಯ ವ್ಯಂಜನಗಳನ್ನು ಕಲಿಯಲು ಕುಳಿತಾಗ ಇತರ ಡಚ್ಚರಿಗಿಂತ ಬೇಗ ಕಲಿತರು ಎಂದು 2017ರ ಒಂದು ಅಧ್ಯಯನ ತೋರಿಸಿತು. ಅವರಿಗೆ ಒಂದು ಪದವೂ ನೆನಪಿರಲಿಲ್ಲ. ಅಂದರೆ ಗುಡಿಸಿದ ಮೇಲೂ ಮೂಲೆಯಲ್ಲಿ ಏನೋ ಉಳಿದಿರುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ಆಡಿದ ಮಾತು ವ್ಯರ್ಥವಾಗುವುದಿಲ್ಲ.

ಗರ್ಭದಲ್ಲೇ ಕೇಳಿದ ಪ್ರಹ್ಲಾದ ಅಭಿಮನ್ಯುಗಳ ಕಥೆಯನ್ನು ಇಲ್ಲಿ ನೆನೆಸಿಕೊಳ್ಳದಿರಲಾಗದು. ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಕೇಳಿಸುವುದು ನಿಜ. ಹುಟ್ಟಿ ಮೂರು ದಿನವಾಗದ ಕೂಸುಗಳು ತಾಯಿಯ ದನಿಯನ್ನು ಆರಿಸಿಕೊಳ್ಳುತ್ತವೆ ಎಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ಆದರೆ ಒಳಗೆ ತಲುಪುವುದು ಮಾತಿನ ರಾಗ, ಲಯ. ವ್ಯಂಜನಗಳು ಹೊರಗೇ ಉಳಿಯುತ್ತವೆ. ಚಕ್ರವ್ಯೂಹದ ಪಾಠ ಅರ್ಧಕ್ಕೆ ನಿಂತದ್ದು ಸುಭದ್ರೆಯ ನಿದ್ರೆಯಿಂದಲೇ ಎಂದು ಹೇಳಲು ಸಾಧ್ಯವಿಲ್ಲ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ನವವಿಧ ಭಕ್ತಿಯಲ್ಲಿ ಮೊದಲನೆಯದು ಶ್ರವಣ. ವೇದಾಂತದ ದಾರಿಯಲ್ಲೂ ಶ್ರವಣ, ಮನನ, ನಿದಿಧ್ಯಾಸನ. ವೇದಕ್ಕೇ ಶ್ರುತಿ ಎಂದು ಹೆಸರು. ಹಾಗಾದರೆ ಹುಟ್ಟಿನಿಂದಲೇ ಕಿವಿ ಕೇಳದವರ ಗತಿ? ಕಿವಿಯನ್ನೇ ಜ್ಞಾನದ ಬಾಗಿಲು ಎಂದು ಹಿಡಿದರೆ ಅವರನ್ನು ಹೊರಗೆ ನಿಲ್ಲಿಸಿದಂತೆ. ನಮ್ಮಲ್ಲಿ ಹಾಗೆ ನಿಲ್ಲಿಸಿಯೂ ಇದ್ದರು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹುಟ್ಟುಕಿವುಡರಿಗೆ ಅನ್ನ ಬಟ್ಟೆ ಕೊಡಬೇಕು ಎನ್ನುತ್ತದೆ, ಆಸ್ತಿಯಲ್ಲಿ ಪಾಲು ಕೊಡಬೇಕಿಲ್ಲ ಎನ್ನುತ್ತದೆ. ಭಾರತದಲ್ಲಿ ಈ ಅಡ್ಡಿಯನ್ನು ತೆಗೆಯುವುದಕ್ಕೆ 1928ರಲ್ಲಿ ಕಾಯಿದೆಯೇ ಬರಬೇಕಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಕೈಸನ್ನೆಯ ಭಾಷೆಯನ್ನು ಮಾತೃಭಾಷೆಯಾಗಿ ಕಲಿತವರ ಮಿದುಳನ್ನು ಪರೀಕ್ಷಿಸಿದಾಗ, ನಮ್ಮ ನಿಮ್ಮ ಮಾತನ್ನು ಅರ್ಥಮಾಡಿಕೊಳ್ಳುವ ಎಡಭಾಗದ ಭಾಷಾಕೇಂದ್ರಗಳೇ ಅಲ್ಲಿಯೂ ಕೆಲಸ ಮಾಡುತ್ತಿರುತ್ತವೆ. ಸುದ್ದಿ ಬಂದ ಬಾಗಿಲು ಬೇರೆ, ಕೇಳುವವನು ಅದೇ. ಹಾಗಿರುವಾಗ ಶ್ರವಣ ಎಂದರೆ ಕಾಕ್ಲಿಯಾ ಎಂದು ಅರ್ಥಮಾಡುವುದು ಶಾಸ್ತ್ರಕ್ಕೂ ಅವಮಾನ ಎಂದೇ ನಮ್ಮ ಭಾವನೆ. ಕಿವಿಯ ಹಿಂದಿನವನನ್ನು ಹುಡುಕಲು ಹೇಳಿದ ಪರಂಪರೆ ಕಿವಿಯ ಮೂಳೆಗೆ ಕಟ್ಟುಬೀಳಬೇಕಿಲ್ಲ.

ವೈದ್ಯಶಾಸ್ತ್ರವೂ ಮುಂದೆ ಹೋಗುತ್ತಿದೆ. ಕೆಲವು ಮಕ್ಕಳಲ್ಲಿ ಶಂಖ, ರೋಮ, ಪೊರೆ ಎಲ್ಲ ಸರಿಯಾಗಿದ್ದು, ಒಳಸಾಲಿನ ಕೋಶ ನರಕ್ಕೆ ಸುದ್ದಿ ದಾಟಿಸಲು ಬೇಕಾದ ಆಟೊಫೆರ್ಲಿನ್ ಎಂಬ ಒಂದು ಪ್ರೋಟೀನ್ ಮಾತ್ರ ಇರುವುದಿಲ್ಲ. ಕೆಂಪ್ ಅವರ ಮೈಕ್ರೊಫೋನಿಗೆ ಇಂಥ ಕಿವಿ ಮರುದನಿಯನ್ನೂ ಕೊಡಬಲ್ಲದು, ಮಗುವಿಗೆ ಮಾತ್ರ ಏನೂ ಕೇಳಿಸದು. ಶಾಂಘೈಯಲ್ಲಿ ಇಂಥ ಆರು ಮಕ್ಕಳ ಕಿವಿಗೆ ಆ ಜೀನ್ ಸೇರಿಸಿದಾಗ ಐವರಿಗೆ ಕೇಳಿಸತೊಡಗಿತು ಎಂಬ ವರದಿ 2024ರ ಜನವರಿಯಲ್ಲಿ ಬಂತು. ಸಂತೋಷದ ಸುದ್ದಿ. ಆದರೆ ಸದ್ದಿನ ಪೆಟ್ಟಿಗೆ ಸತ್ತ ರೋಮಕೋಶಗಳ ಕಥೆ ಬೇರೆ. ಹಕ್ಕಿಗಳಲ್ಲಿ ಅವು ಮತ್ತೆ ಹುಟ್ಟುತ್ತವೆ ಎಂದು 1980ರ ದಶಕದಲ್ಲಿ ಗೊತ್ತಾಯಿತು; ಕೋಳಿಗೆ ಸಿಕ್ಕ ಈ ವರ ನಮಗೆ ಸಿಕ್ಕಿಲ್ಲ. ಹೋದದ್ದು ಹೋಯಿತು.

ಇಲ್ಲಿಗೆ ಮಾತು ನಮ್ಮ ದೇವಸ್ಥಾನದ ಸಭಾಂಗಣಕ್ಕೆ ಬಂದು ನಿಲ್ಲುತ್ತದೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಗಣೇಶೋತ್ಸವದ ಸಂಜೆ ಮುಚ್ಚಿದ ಹಾಲಿನಲ್ಲಿ ಸ್ಪೀಕರಿನ ಎದುರು ನೆಲದ ಮೇಲೆ ಚಿಕ್ಕ ಮಕ್ಕಳನ್ನು ಕೂರಿಸುತ್ತೇವೆ, ಮೂರು ಗಂಟೆ. ಕೈಯಲ್ಲಿರುವ ಫೋನಿನಲ್ಲೇ ಅಳೆದು ನೋಡಬಹುದು. ಅಹಿಂಸೆಯ ಬಗ್ಗೆ ಪ್ರವಚನ ಮಾಡುವ ಮೈಕಿನ ಗುಂಡಿಯನ್ನೇ ಮೊದಲು ಸ್ವಲ್ಪ ತಿರುಗಿಸಬೇಕಾಗಿದೆ. ದೊಡ್ಡ ಸದ್ದಿನಿಂದ ಹಿಂದೆ ಕುಳಿತ ವಯಸ್ಸಾದವರಿಗೆ ಪ್ರಯೋಜನವೂ ಇಲ್ಲ ಎಂಬುದನ್ನು ಆಗಲೇ ನೋಡಿದೆವು.

ಅವರಿಗೆ ಪ್ರಯೋಜನವಾಗುವುದು ಶ್ರವಣ ಸುರುಳಿ ಎಂಬ ಏರ್ಪಾಡು. ಹಾಲಿನ ಸುತ್ತ ನೆಲದಲ್ಲಿ ಒಂದು ತಂತಿ ಹಾಯಿಸಿ ಮೈಕಿಗೆ ಜೋಡಿಸಿದರೆ, ಟೆಲಿಕಾಯಿಲ್ ಇರುವ ಶ್ರವಣ ಸಾಧನಕ್ಕೆ ಅರ್ಚಕರ ದನಿ ನೇರವಾಗಿ ಬಂದುಬಿಡುತ್ತದೆ, ನಡುವಿನ ಗಲಾಟೆಯಿಲ್ಲದೆ. ಹಲವು ಚರ್ಚುಗಳಲ್ಲಿ ಇದಿದೆ. ಅಮೆರಿಕದ 1990ರ ಅಂಗವಿಕಲರ ಹಕ್ಕಿನ ಕಾಯಿದೆ ಸಾರ್ವಜನಿಕ ಸ್ಥಳಗಳ ಮೇಲೆ ಹಾಕಿರುವ ಹೊಣೆಯಿಂದ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಹಾಗಾಗಿ ಆ ಕಾಯಿದೆಯ ಹೆಸರಿನಲ್ಲಿ ಯಾರೂ ನಮ್ಮ ದೇವಸ್ಥಾನವನ್ನು ಒತ್ತಾಯಿಸುವಂತಿಲ್ಲ. ಮಾಡಿದರೆ ನಾವೇ ಮಾಡಬೇಕು. ಹಾಲಿನ ಕಾರ್ಪೆಟ್ ಬದಲಿಸುವ ಪ್ರಸ್ತಾಪ ಯಾವಾಗ ಬಂದರೂ ಅದಕ್ಕೆ ಮುಂಚೆಯೇ ಈ ಮಾತನ್ನು ಸಮಿತಿಯಲ್ಲಿ ಎತ್ತುವುದು ಒಳ್ಳೆಯದು. ಹಾಸಿದ ಮೇಲೆ ತಂತಿ ಹಾಕುವುದಕ್ಕೆ ಖರ್ಚು ಹೆಚ್ಚು.